ಕಿರುಬೆರಳೊಂದು ಬಾಕಿ ಉಂಟು

ವೀಡಿಯೊ ಜಾಲತಾಣದ ಕಳ್ಳಪ್ರತಿ ಪತ್ತೆ ವಿಭಾಗದ ಮುಖ್ಯಾಧಿಕಾರಿಗಳೇ,

ಈಗ ಸಂಜೆ ಆರೂವರೆ. ಇವತ್ತು ಬಟ್ಟೆ ಒಗೆದೆ, ಮೀನು ತರಲಿಲ್ಲ, ಮಧ್ಯಾಹ್ನ ಪಕ್ಕದ ಮನೆಯಿಂದ ನನ್ನದೇ ದನಿ ಕೇಳಿದೆ. ತೀರಿಹೋದ ಮಗಳನ್ನು ನಾನು ಊಟಕ್ಕೆ ಕರೆಯುತ್ತಿದ್ದೆ. ಅವಳು ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಅಳಿಸಿದವರು ನೀವು. ನಿಮ್ಮ ವಿಳಾಸಕ್ಕೆ ಬರೆದದ್ದಕ್ಕೆಲ್ಲ ಯಂತ್ರವೇ ಧನ್ಯವಾದ ಹೇಳುವುದರಿಂದ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನನ್ನ ಮಗಳು ರಿಝ್ವಾನಾ ಕಾಪುವಿನ ನಮ್ಮ ಮನೆಯ ಕಿಟಕಿಯ ಬಳಿ ಕುಳಿತು, ಮದರಂಗಿ ಹಾಕುವುದನ್ನು ವೀಡಿಯೊ ಮಾಡುತ್ತಿದ್ದಳು. ಕೈ ಮಾತ್ರ ಕಾಣಬೇಕು, ಮುಖ ಬೇಡ ಎಂಬುದು ಅವಳದೇ ತೀರ್ಮಾನ. ಕೊನೆಯ ವೀಡಿಯೊದಲ್ಲಿ ತನ್ನ ಎಡಗೈಗೆ ತಾನೇ ಬಿಡಿಸುತ್ತಿದ್ದಾಳೆ. ಒಳಗಿನಿಂದ ನಾನು ನಮ್ಮ ಬ್ಯಾರಿ ಭಾಷೆಯಲ್ಲಿ ಕೂಗುತ್ತೇನೆ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ರಿಝೂ, ಅನ್ನ ಆರಿ ಹೋಯ್ತು. ನೀನು ಬರ್ತೀಯಾ, ಬೆಕ್ಕನ್ನು ಕರೆಯಲಾ?”

ಅವಳು ನಗುತ್ತಾಳೆ. “ಬಂದೆ ಉಮ್ಮಾ, ಕಿರುಬೆರಳೊಂದು ಬಾಕಿ ಉಂಟು. ಬೆಕ್ಕಿಗೆ ಮೀನಿನ ತಲೆ ಮಾತ್ರ ಕೊಡು ಮಾರಾಯ್ತಿ.”

ಮರುದಿನ ಜ್ವರ ಬಂತು. ಮಣಿಪಾಲದ ಆಸ್ಪತ್ರೆಯಿಂದ ಅವಳ ದೇಹವನ್ನು ಮನೆಗೆ ತಂದಾಗ ಕಿರುಬೆರಳಿನ ಬಣ್ಣ ಇನ್ನೂ ಮಾಸಿರಲಿಲ್ಲ.

ಯಾರೋ ಆ ವೀಡಿಯೊ ಕದ್ದು, ಅವಳ ಮಾತಿದ್ದ ಕೊನೆಯ ತುಂಡನ್ನು ಕತ್ತರಿಸಿ, ತನ್ನದೆಂದು ನಿಮ್ಮಲ್ಲಿ ನೋಂದಾಯಿಸಿದ. ನಿಮ್ಮ ಯಂತ್ರ ಎರಡನ್ನೂ ಹೋಲಿಸಿ, ನನ್ನ ಮಗಳದ್ದೇ ಕಳ್ಳಪ್ರತಿ ಎಂದು ಅಳಿಸಿತು. ಎಂಥ ಚುರುಕು! ಕಳ್ಳತನ ತಡೆಯುವ ಯಂತ್ರ ಬೇಡ ಎನ್ನುವವಳಲ್ಲ ನಾನು. ಆದರೆ ಮನೆಗೆ ಕಳ್ಳ ನುಗ್ಗಿದರೆ ಮನೆಯವರನ್ನು ಹೊರಗೆ ಹಾಕಿ, ಬೀಗದ ಕೈಯನ್ನು ಕಳ್ಳನಿಗೆ ಕೊಡುತ್ತಾರೆಯೇ? ಅವನ ಪ್ರತಿಯಲ್ಲಿ ನಾನು ನನ್ನ ಮಗಳ ಹೆಸರು ಹಿಡಿದು ಕೂಗುತ್ತಿದ್ದೇನೆ. ಅವನ ಮನೆಯಲ್ಲಿ ರಿಝೂ ಯಾರು ಎಂದು ಒಮ್ಮೆಯಾದರೂ ವಿಚಾರಿಸಿದಿರಾ? ನಾನು ಏಳನೆಯವರೆಗೆ ಓದಿದವಳು. ಇಷ್ಟು ಕೇಳಲು ಅದಕ್ಕಿಂತ ಹೆಚ್ಚು ಓದಬೇಕೇ?

ಬನ್ನಂಜೆಯಲ್ಲಿ ಮೊಬೈಲ್ ಅಂಗಡಿಯಿರುವ ನನ್ನ ಮಗ ಸಫ್ರಾಝ್ ಆಕ್ಷೇಪಣೆ ಸಲ್ಲಿಸಿದ. ನಿಮ್ಮ ಉತ್ತರ ಓದಿ ಫೋನನ್ನು ಮಗುಚಿ ಇಟ್ಟ.

“ಎಂತ ಅಂತೆ?”

“ಚಾನೆಲಿನವಳೇ ಮುಖ ತೋರಿಸಿ, ಇದು ನನ್ನದು ಅಂತ ಹೇಳಬೇಕಂತೆ ಉಮ್ಮಾ.”

“ಮರಣಪತ್ರ ಕಳಿಸಿದ್ದಿ ಅಲ್ವಾ?”

“ಕಳಿಸಿದೆ. ಅದರಲ್ಲಿ ಮುಖ ಕಾಣುವುದಿಲ್ಲವಂತೆ.”

ಅವಳ ಫೋನು ಕೆಟ್ಟು ಎಲ್ಲವೂ ಹೋಗಿದೆ. ಪೂರ್ತಿ ಪ್ರತಿ ಇದ್ದದ್ದು ನಿಮ್ಮಲ್ಲಿ ಮಾತ್ರ.

ಕದ್ದ ಪ್ರತಿಯೋ ಊರೂರು ಸುತ್ತುತ್ತಿದೆ. ಕಾರ್ಕಳದ ಬಸ್ಸಿನಲ್ಲಿ ಒಮ್ಮೆ ಹಿಂದಿನ ಸೀಟಿನಿಂದ ನಾನು ಅವಳನ್ನು ಕರೆದೆ. ಇಂದು ಪಕ್ಕದ ಮನೆಯ ಹುಡುಗಿಯರು ಮದುಮಗಳು ಹಫೀಝಾಳಿಗೆ ಫೋನಿನಲ್ಲಿ ಮದರಂಗಿಯ ಮಾದರಿ ಹುಡುಕುತ್ತಿದ್ದರು. ಬಡಿಸಿಕೊಳ್ಳುತ್ತಿದ್ದ ನಾನು ಸೌಟು ಹಿಡಿದೇ ನಿಂತೆ. ಪ್ರತಿ ಸಲವೂ ಕಾಯುತ್ತೇನೆ. ಬೆಕ್ಕನ್ನು ಕರೆಯಲಾ ಎಂಬಲ್ಲಿಗೆ ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮಾನ್ಯರೇ, ಯಂತ್ರವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕಿವಿಯಿರುವ ಒಬ್ಬ ಮನುಷ್ಯನಿಗೆ ಎರಡೂ ವೀಡಿಯೊ ಕೇಳಿಸಿ. ಕದ್ದದ್ದನ್ನು ತೆಗೆಯಿರಿ. ನನ್ನ ಮಗಳದ್ದನ್ನು ಅವಳ ನಗುವಿನ ಸಮೇತ ಹಿಂತಿರುಗಿಸಿ.

ನಾಳೆ ಸಂಜೆ ಹಫೀಝಾಳ ಮದರಂಗಿ. ಹುಡುಗಿಯರು ಆ ಮಾದರಿಯನ್ನೇ ಆರಿಸಿದ್ದಾರೆ.

ಇಂತಿ,
ನಿಮ್ಮ ಯಂತ್ರದ ಪ್ರಕಾರ ಕಳ್ಳಿಯ ತಾಯಿ,
ಆಸ್ಯಾ, ಕಾಪು