ಆರಿದ ದೀಪದ ಮಾತು

ಶಹಾಬಾದ, ಇಸವಿ ೨೧೯೧, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ನಮಗಿಂತ ಮೊದಲು ಪ್ಯಾನೆಲ್ ಕಟ್ಟಿದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮಗೆ ಈಗ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದಿಷ್ಟು ಮಳೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮೇಲೆ ನನಗೆ ಗೌರವವಿದೆ, ಗುಮಾನಿಯೂ ಇದೆ. ಎರಡನೆಯದನ್ನು ಮುಚ್ಚಿಡುವುದಿಲ್ಲ.

ನನ್ನ ಹೆಸರು ಗುರುಬಾಯಿ. ಇಲ್ಲಿನ ತಂಪುಮನೆಯ ಕರೆಂಟಿನ ಕೆಲಸ ನನ್ನದು. ತಂಪುಮನೆ ಅಂದರೆ ಹಳೆಯ ಕಲ್ಲುಗಣಿಯೊಳಗೆ ಕಟ್ಟಿದ ದೊಡ್ಡ ಹಜಾರ. ಹೊತ್ತೇರಿದ ಮೇಲೆ ಹೊರಗಿದ್ದರೆ ಜೀವಕ್ಕೆ ಅಪಾಯ. ಊರವರೆಲ್ಲ ಚಾಪೆ, ರೊಟ್ಟಿಗಂಟು, ಕೂಸುಗಳೊಂದಿಗೆ ಒಳಗೆ ಬರುತ್ತಾರೆ. ಮಕ್ಕಳ ಪಾಠ ಅಲ್ಲೇ, ಹೆಣ್ಣು ನೋಡುವುದೂ ಅಲ್ಲೇ. ಚಾವಣಿಯ ಕೊಳವೆಗಳಿಂದ ಆಗಾಗ ಸಣ್ಣ ಹನಿ ಉದುರುತ್ತದೆ. ಅದನ್ನು ಉದುರಿಸುವ ಪಂಪಿಗೆ ಸೋನೆಪಂಪು ಎನ್ನುತ್ತೇವೆ. ಪಂಪು ಯಾವಾಗ ಓಡಬೇಕೆಂದು ಪ್ಯಾನೆಲ್ ಪೆಟ್ಟಿಗೆಯಲ್ಲಿ ನೀವು ಕೂರಿಸಿದ ಕಂಟ್ರೋಲರ್ ಹೇಳುತ್ತದೆ. ಅದರೊಳಗಿನ ರಿಲೇ, ಅಂದರೆ ಆಜ್ಞೆ ಬಂದಾಗ ಕೂಡಿಕೊಂಡು ಆಜ್ಞೆ ಹೋದಾಗ ಬಿಟ್ಟುಕೊಳ್ಳುವ ಪುಟ್ಟ ಸ್ವಿಚ್ಚು, ಕರೆಂಟು ಹರಿಸುತ್ತದೆ.

ಮೊನ್ನೆ ಮಧ್ಯಾಹ್ನ ಹನಿ ನಿಲ್ಲಲೇ ಇಲ್ಲ. ನಾವು ಎಚ್ಚೆತ್ತುಕೊಳ್ಳುವಷ್ಟರಲ್ಲಿ ನೀರಿನ ಟಾಕಿ ತಳ ಕಂಡಿತ್ತು. ಕಂಟ್ರೋಲರಿನ ದೀಪ ಮಾತ್ರ ಆರಿತ್ತು. ಪಂಪು ನಿಂತಿದೆ ಎಂದು ಅದರ ಅರ್ಥ. ಯಂತ್ರ ನಿಲ್ಲಿಸಿದ್ದನ್ನು ಯಾರೋ ಓಡಿಸುತ್ತಿದ್ದಾರೆಂದು ಎಲ್ಲರಿಗೂ ಅನ್ನಿಸಿತು. ಕಣ್ಣುಗಳೆಲ್ಲ ಮಾದೇವಿಯ ಮೇಲೆ ಬಿದ್ದವು. ಅವಳು ಕಡಲು ನುಂಗಿದ ಗಂಗೊಳ್ಳಿಯಿಂದ ಈ ವರ್ಷವಷ್ಟೇ ಬಂದವಳು.

‘ಪ್ಯಾನೆಲ್ ಹತ್ರ ಇಕಿನೇ ಕುಂತಿದ್ಲು. ಹೊರಗ ಹಾಕ್ರಿ’ ಎಂದರು ತಂಪುಮನೆಯ ಹಿರಿಯ ಸಿದ್ರಾಮಪ್ಪ.

‘ನಾನ್ ಎಂತದೂ ಮುಟ್ಲಿಲ್ಲ. ಆ ಪೆಟ್ಟಿಗೆ ಬಿಚ್ಚಿ ಕಾಣಿ ಅಕ್ಕಾ’ ಎಂದಳು ಅವಳು ನನ್ನ ಕಡೆ ತಿರುಗಿ.

ನಾನು ಅವಳ ಅಂಗೈ ನೋಡಿದೆ. ಪ್ಯಾನೆಲ್ ಮುಟ್ಟಿದವರಿಗೆ ಹತ್ತುವ ಮಸಿ ಇರಲಿಲ್ಲ. ಒರೆಸಿಕೊಂಡಿರಬಹುದು ಎಂದುಕೊಂಡೆ. ಅವಳನ್ನು ಬಾಗಿಲಾಚೆ, ಕಾದ ಕಲ್ಲಿನ ಮೇಲೆ ಕೂರಿಸಿದರು. ನಾನು ತಡೆಯಲಿಲ್ಲ, ಪ್ಯಾನೆಲ್ ಕಡೆಗೆ ಓಡಿದೆ.

ಮೇನ್ ಬಂದ್ ಮಾಡಿ, ರಿಲೇಯಿಂದ ಪಂಪಿಗೆ ಹೋಗುವ ತಂತಿಯೊಂದನ್ನು ಬಿಡಿಸಿ, ಮತ್ತೆ ಮೇನ್ ಹಾಕಿದೆ. ಪಂಪು ಓಡಲಿಲ್ಲ. ಅಂದರೆ ಬೇರೆ ದಾರಿಯಿಂದ ಯಾರೂ ಕರೆಂಟು ಕೊಟ್ಟಿರಲಿಲ್ಲ. ಮತ್ತೆ ಮೇನ್ ಬಂದ್ ಮಾಡಿ ರಿಲೇ ಬಿಚ್ಚಿದೆ. ಒಳಗಿನ ಎರಡು ತುದಿಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕಂಟ್ರೋಲರ್ ನಿಲ್ಲೆಂದಿದ್ದು ನಿಜ. ದೀಪ ತೋರಿಸುತ್ತಿದ್ದದ್ದು ಆ ಆಜ್ಞೆಯನ್ನು ಮಾತ್ರ, ಪಂಪನ್ನಲ್ಲ. ಪಂಪಿನಂಥ ಭಾರದ ಮೋಟರನ್ನು ನೀವು ಆ ಪುಟ್ಟ ರಿಲೇಗೆ ನೇರವಾಗಿ ಕಟ್ಟಿದ್ದಿರಿ. ಫ್ಯೂಸಿನ ಜಾಗದಲ್ಲಿ ದಪ್ಪನೆಯ ತಾಮ್ರದ ತಂತಿ ಇತ್ತು.

‘ಇದನ್ನ ಯಾರು ಹಾಕ್ಯಾರ?’ ಎಂದು ಕೇಳಿದೆ.

‘ನಾನೇ’ ಎಂದರು ಸಿದ್ರಾಮಪ್ಪ ಸಹಜವಾಗಿ. ‘ಫ್ಯೂಸ್ ಮ್ಯಾಲಿಂದ ಮ್ಯಾಲ ಹೋಗ್ತಿತ್ತು. ಹನಿ ನಿಂತ್ರ ಮಂದಿ ನನ್ನ ಸುಮ್ನ ಬಿಡ್ತಾರೇನವಾ?’

‘ಆ ಫ್ಯೂಸ್ ಹೇಳಾಕತ್ತಿದ್ದು ಇದನ್ನೇ ಯಜ್ಜಾ, ರಿಲೇಕ್ಕ ಭಾರ ಹೆಚ್ಚಾತು ಅಂತ. ಈಗ ಆಕಿನ್ನ ಒಳಗ ಕರೀರಿ.’

ಅವರು ಏಳಲಿಲ್ಲ. ನಾನೇ ಹೋಗಿ ಬಾಗಿಲು ತೆರೆದೆ. ಮಾದೇವಿಯ ಮುಖ ಕೆಂಡವಾಗಿತ್ತು, ತುಟಿ ಒಡೆದಿತ್ತು. ಟಾಕಿಯ ತಳದಲ್ಲಿ ಉಳಿದಿದ್ದ ನೀರನ್ನೇ ಕೊಟ್ಟೆ. ಕುಡಿದಳು. ‘ಮೊದ್ಲೇ ಬಿಚ್ಚಿ ಕಾಂಬುಕ್ ಆಗ್ತಿರ್ಲಿಲ್ವಾ?’ ಎಂದಷ್ಟೇ ಕೇಳಿದಳು.

ಈಗ ನಮ್ಮ ರಿಲೇ ಮೋಟರನ್ನು ಮುಟ್ಟುವುದಿಲ್ಲ. ಅದು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿಗೆ ಆಜ್ಞೆ ಕೊಡುತ್ತದೆ, ಭಾರ ಹೊರುವುದು ಕಾಂಟ್ಯಾಕ್ಟರ್. ಅದರೊಳಗಿನ ತಂತಿಸುರುಳಿಯ ಕರೆಂಟು ಕಡಿಯುವಾಗ ಏಳುವ ಕಿಡಿ ರಿಲೇಯನ್ನು ಸುಡದಂತೆ ಅಡ್ಡಲಾಗಿ ಕಿಡಿತಡೆ ಕೂರಿಸಿದ್ದೇನೆ. ರಿಲೇ ತಾಳುವಷ್ಟಕ್ಕೇ ಹೊಂದುವ ಫ್ಯೂಸ್ ಹಾಕಿದ್ದೇನೆ. ದೀಪಕ್ಕೆ ಸುದ್ದಿ ಈಗ ಕಾಂಟ್ಯಾಕ್ಟರಿನಿಂದ ಬರುತ್ತದೆ. ಆದರೂ ನಾನು ದೀಪ ನೋಡಿ ಸುಮ್ಮನಾಗುವುದಿಲ್ಲ, ಪಂಪಿನ ಮೇಲೆ ಕೈಯಿಟ್ಟು ನೋಡುತ್ತೇನೆ.

ನೀವು ಕಟ್ಟಿದ ಇಂಥ ಪೆಟ್ಟಿಗೆಗಳು ಈ ಸೀಮೆಯಲ್ಲಿ ಇನ್ನೂ ಎಷ್ಟಿವೆಯೋ ಗೊತ್ತಿಲ್ಲ. ಎಲ್ಲವನ್ನೂ ಬಿಚ್ಚುವಷ್ಟು ಕೈಗಳು ನಮ್ಮಲ್ಲಿಲ್ಲ. ಇಂದು ನೀವು ಮುಚ್ಚಳಕ್ಕೆ ಸ್ಕ್ರೂ ತಿರುಗಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ಒಳಗೆ ಇನ್ನೊಮ್ಮೆ ನೋಡಿ. ನಿಮ್ಮ ಅವಸರಕ್ಕೆ ಬಿಸಿಲಲ್ಲಿ ಕೂರುವವರು ಇನ್ನೂ ಹುಟ್ಟಿಲ್ಲ.

ಗುರುಬಾಯಿ