ಕುಟುಂಬ ಕಾರಣ

ಮಾರ್ಚ್ 3, ಸೋಮವಾರ

ಕುರ್ಚಿಯಲ್ಲಿ ಕೂರುವ ಮೊದಲೇ ಸೇಲ್ಸ್ ದೊರೆಯ ಫೋನ್. ಕಿಟಕಿ ಸೀಟು ಬೇಡವಂತೆ, ಕಾಲು ಚಾಚುವುದಕ್ಕೆ ಆಗುವುದಿಲ್ಲವಂತೆ. ಐವತ್ತು ನಿಮಿಷದ ವಿಮಾನ ಪ್ರಯಾಣಕ್ಕೆ! ಕೋಟಿಗಟ್ಟಲೆ ವ್ಯವಹಾರ ಮಾಡುವ ಮನುಷ್ಯ ಒಂದು ಸೀಟಿಗೆ ಮೂರನೇ ಕ್ಲಾಸಿನ ಮಗುವಿನ ಹಾಗೆ ಹಟ ಹಿಡಿದ. "ನೋಡ್ತೀನಿ ಸಾರ್" ಅಂದೆ. ನೋಡಲಿಲ್ಲ. ಕಾಫಿ ಕುಡಿದು ಬಂದು ಮೆಸೇಜ್ ಹಾಕಿದೆ: ನಿಮಗೋಸ್ಕರ ಜಗಳಾನೇ ಆಡಿದೆ ಸಾರ್, ಆಗ್ಲಿಲ್ಲ. ಕೃತಜ್ಞತೆಯಿಂದ ಕೈ ಮುಗಿಯುವ ಇಮೋಜಿ ಕಳಿಸಿದ.

ಟ್ರಾವೆಲ್ ಮ್ಯಾನೇಜರ್ ಆಗಿ ಗೆಲ್ಲುವ ಗುಟ್ಟು ಇಷ್ಟೇ. ಟಿಕೆಟ್ ಯಾರು ಬೇಕಾದರೂ ಮಾಡಿಸುತ್ತಾರೆ. ಇಲ್ಲ ಅನ್ನುವುದಕ್ಕೆ ಗುಂಡಿಗೆ ಬೇಕು.

ಮಾರ್ಚ್ 6, ಗುರುವಾರ

ದೊಡ್ಡ ಸಾಹೇಬರು ಕರೆದಿದ್ದರು. ಈ ತಿಂಗಳು ಒಂದೇ ಒಂದು ಟಿಕೆಟ್ಟೂ ನಿಯಮ ಮೀರಿ ಬದಲಾಗದಿದ್ದರೆ ಎಲ್ಲಾ ಬ್ರಾಂಚಿನ ಟ್ರಾವೆಲ್ ನನ್ನ ಕೈಗೆ. ಬಾಗಿಲಿರುವ ಕ್ಯಾಬಿನ್. ಹನ್ನೊಂದು ವರ್ಷ ಈ ಜೆರಾಕ್ಸ್ ಮೆಷಿನ್ನಿನ ಪಕ್ಕ ಕೂತಿದ್ದೇನೆ. ಬಿಡುತ್ತೇನೆಯೇ?

ಟಿಕೆಟ್ ಬದಲಿಸಬೇಕೆಂದರೆ ಸಿಸ್ಟಮ್‌ನಲ್ಲಿ ಕಾರಣ ಆರಿಸಬೇಕು. ಕೆಲಸ, ಕಾಯಿಲೆ, ಕುಟುಂಬ. ಈ 'ಕುಟುಂಬ' ಅನ್ನುವುದು ಸುಳ್ಳಿನ ಸಂತೆ. ಗೋಡೌನಿನ ಒಬ್ಬನಿಗೆ ಇಲ್ಲಿಯವರೆಗೆ ಮೂವರು ಅಜ್ಜಿಯರು ಸತ್ತಿದ್ದಾರೆ. ಇವತ್ತು ಕೂತು ಅದರ ಬಾಯಿ ಕಟ್ಟಿದೆ. ಇನ್ನು ಕುಟುಂಬ ಅಂತ ಹಾಕಿದರೆ ನನ್ನ ಸ್ಕ್ರೀನಿಗೆ ಬರುವುದೇ ಇಲ್ಲ, ತಾನಾಗಿಯೇ ತಿರಸ್ಕಾರ. ಜೊತೆಗೆ ಒಂದು ಉತ್ತರ, ನಾನೇ ಬರೆದದ್ದು: "ನಿಮ್ಮ ಪರಿಸ್ಥಿತಿ ನಮಗೆ ಅರ್ಥವಾಗುತ್ತದೆ." ಬರೆಯುವಾಗ ನಗು ತಡೆಯಲಾಗಲಿಲ್ಲ.

ಮಾರ್ಚ್ 16, ಭಾನುವಾರ

ತಂಗಿ ಮನೆಯಲ್ಲಿ ಊಟ. ತುಂಬು ಬಸುರಿ, ಕಾಲು ಊದಿಕೊಂಡಿದೆ. ಅವಳ ಗಂಡ ನಮ್ಮ ಕಂಪನಿಯಲ್ಲೇ ಸರ್ವೀಸ್ ಇಂಜಿನಿಯರ್. ನಾಳೆ ಎಲ್ಲೋ ದೂರದ ಕಾರ್ಖಾನೆಗೆ ಮೆಷಿನ್ ರಿಪೇರಿಗೆ ಹೊರಟಿದ್ದಾನೆ. ನಾನು ಅವನಿಗೆ ಇಟ್ಟ ಹೆಸರು ಗುಮ್ಮ. ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ಇರುತ್ತಾನೆ. ಅಮ್ಮ ಹೋದ ಮೇಲೆ ನಾನು ಜಡೆ ಹಾಕಿ, ಫೀಸ್ ಕಟ್ಟಿ ಬೆಳೆಸಿದ ಹುಡುಗಿ ಇವಳು. ಕೊನೆಗೆ ಆರಿಸಿಕೊಂಡದ್ದು ಈ ಮಹಾನುಭಾವನನ್ನು.

"ಅಕ್ಕಾ, ಇವರ ವಾಪಸ್ ಟಿಕೆಟ್ ಇಪ್ಪತ್ತೊಂಬತ್ತಕ್ಕಿದೆ. ಸ್ವಲ್ಪ ಮುಂಚೆ ಮಾಡೋಕಾಗಲ್ವಾ?"

"ಡಾಕ್ಟರು ಮುಂದಿನ ತಿಂಗಳು ಅಂದಿಲ್ವೇನೇ? ಸುಮ್ನಿರು."

ಗುಮ್ಮನಿಗೂ ನೇರ ಹೇಳಿದೆ. "ಏನಾದ್ರೂ ಬೇಕಿದ್ರೆ ಎಲ್ಲರ ಹಾಗೆ ಸಿಸ್ಟಮ್‌ನಲ್ಲಿ ಹಾಕು. ಅಕ್ಕ ಇದಾಳೆ ಅಂತ ಫೋನ್ ಮಾಡ್ಬೇಡ."

"ಸರಿ ಅಕ್ಕಾ." ಅಷ್ಟೇ. ತಟ್ಟೆ ತೊಳೆಯಲು ಎದ್ದು ಹೋದ.

ಮಾರ್ಚ್ 26, ಬುಧವಾರ. ಸಂಜೆ

ಮಧ್ಯಾಹ್ನ ತಂಗಿ ಫೋನ್. ಬಿಪಿ ಏರಿದೆಯಂತೆ. ನಾಳೆ ಬೆಳಿಗ್ಗೆಯೇ ಆಪರೇಷನ್ ಮಾಡಿ ಮಗು ತೆಗೆಯುತ್ತಾರಂತೆ. ನಾಳೆ ನನಗೆ ದೊಡ್ಡ ಸಾಹೇಬರ ಮುಂದೆ ತಿಂಗಳ ವರದಿ. ಮುಗಿಸಿದ ತಕ್ಷಣ ಬರುತ್ತೇನೆ ಅಂದೆ. "ನಿನ್ನ ಗಂಡ ಬರ್ತಾನಲ್ಲ, ಇನ್ನೇನು?"

ಅವನಿರುವ ಕಡೆಯಿಂದ ಸಂಜೆ ಏಳು ಗಂಟೆಯ ಫ್ಲೈಟ್ ಇತ್ತು, ಸೀಟೂ ಇದ್ದವು. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಅಂದರೆ ಯಾವ ದಡ್ಡನೂ 'ಕಾಯಿಲೆ' ಅಂತ ಹಾಕುತ್ತಾನೆ, ಅದು ನನ್ನ ಸ್ಕ್ರೀನಿಗೇ ಬರುತ್ತದೆ. ಬಂದರೆ ಒಪ್ಪಿಗೆ ಕೊಡಲೇಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕ್ಯಾಬಿನ್ ಹಾಳಾಗಿ ಹೋಗಲಿ ಅಂತ. ಕಾದೆ. ಬರಲಿಲ್ಲ. ಸ್ಕ್ರೀನ್ ಖಾಲಿ.

ಕೇಳುವುದಕ್ಕೂ ಬಾಯಿಲ್ಲವೇ ಇವನಿಗೆ? ನಾನೇ ಮೇಲೆ ಬಿದ್ದು ಟಿಕೆಟ್ ಬದಲಿಸಬೇಕಿತ್ತೇ? ಸಾಧ್ಯವಿಲ್ಲ. ಫೋನ್ ಕೂಡ ಮಾಡಲಿಲ್ಲ ನಾನು.

ಮಾರ್ಚ್ 27, ಗುರುವಾರ

ವರದಿ ಚೆನ್ನಾಗಿ ಹೋಯಿತು. ಚಪ್ಪಾಳೆ. ಸೇಲ್ಸ್ ದೊರೆ ಎಲ್ಲರಿಗಿಂತ ಜೋರಾಗಿ ತಟ್ಟಿದ, ಪಾಪ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಹೆಣ್ಣು ಮಗು. ಇಬ್ಬರೂ ಕ್ಷೇಮ. ಜೊತೆಗೆ ಯಾರೂ ಇರಲಿಲ್ಲ ಅಂತ ಆಪರೇಷನ್ ಕಾಗದಕ್ಕೆ ತಂಗಿಯೇ ಸೈನ್ ಹಾಕಿದಳಂತೆ. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಅವರು ಬಂದ್ರಾ?"

ಗುಮ್ಮ ಸಿಗಲಿ. ಚಳಿ ಬಿಡಿಸುತ್ತೇನೆ.

ಮಾರ್ಚ್ 28, ಶುಕ್ರವಾರ

ಮಧ್ಯಾಹ್ನ ಬಂದ. ಎರಡು ಬಸ್ಸು, ನಡುವೆ ಒಂದು ಲಾರಿ. ಅಂಗಿ ತುಂಬ ಗ್ರೀಸು. ತಂಗಿಯ ಹತ್ತಿರ ಸ್ವಲ್ಪ ಹೊತ್ತು ಕೂತ, ಮಗುವನ್ನು ಮುಟ್ಟಲಿಲ್ಲ, ಕೈ ಕೊಳೆ ಅಂತ. ಹೊರಗೆ ಬಂದ ಕೂಡಲೇ ಹಿಡಿದುಕೊಂಡೆ.

"ಒಂದು ರಿಕ್ವೆಸ್ಟ್ ಹಾಕೋಕೆ ಏನು ರೋಗ ನಿಂಗೆ?"

"ಹಾಕಿದ್ದೆ ಅಕ್ಕಾ. ಮೂರು ಸಲ."

ಫೋನ್ ತೋರಿಸಿದ. ನಿಮ್ಮ ಪರಿಸ್ಥಿತಿ ನಮಗೆ ಅರ್ಥವಾಗುತ್ತದೆ. ಕೆಳಗೆ ಅದೇ. ಅದರ ಕೆಳಗೆ ಮತ್ತೆ ಅದೇ.

"ಕಾಯಿಲೆ ಅಂತ ಹಾಕ್ಬೇಕಿತ್ತು ಕಣೋ! ಕುಟುಂಬ ಅಂತ ಯಾಕೋ ಹಾಕಿದೆ?"

"ಮಗು ಹುಟ್ತಿರೋದು ಅಕ್ಕಾ... ಕಾಯಿಲೆ ಅಂತ ಹಾಕೋಕೆ ಮನಸ್ಸು ಬರ್ಲಿಲ್ಲ." ನೆಲ ನೋಡುತ್ತಾ ಅಂದ. "ನೀವು ನೋಡೇ ನೋಡ್ತೀರಾ ಅಂತ ಕಾದೆ. ಆಮೇಲೆ ನಾನೇ ತಗೊಳ್ಳೋಣ ಅಂದ್ರೆ ಒಂದು ಸೀಟೂ ಉಳಿದಿರ್ಲಿಲ್ಲ."

ಮೂರೂ ಉತ್ತರಗಳನ್ನು ಮತ್ತೊಮ್ಮೆ ಓದಿದೆ. ಅವನೇ ಮುಂದುವರಿಸಿದ. "ಅವಳಿಗೆ ಇದೆಲ್ಲಾ ಬೇಡ. ಫ್ಲೈಟ್ ಕ್ಯಾನ್ಸಲ್ ಆಯ್ತು ಅಂದಿದೀನಿ."

ನನ್ನನ್ನು ಕಾಪಾಡುತ್ತಾನಂತೆ! ಇವನು! ಯಾರು ಕೇಳಿದರು ಇವನ ದೊಡ್ಡತನವನ್ನು? ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಹಗುರಾಗುತ್ತಿತ್ತು. ಮೈಯೆಲ್ಲಾ ಉರಿಯುತ್ತಿದೆ.

ಏಪ್ರಿಲ್ 2, ಬುಧವಾರ

ಆರ್ಡರ್ ಬಂತು. ಎಲ್ಲಾ ಬ್ರಾಂಚು ನನ್ನದು. ಕ್ಯಾಬಿನ್ನಿಗೆ ಬಾಗಿಲೂ ಇದೆ. ದೊಡ್ಡ ಸಾಹೇಬರು ಕೈ ಕುಲುಕಿ, "ನಿಮ್ಮ ಹಾಗೆ ಗಟ್ಟಿ ಮನಸ್ಸು ಎಲ್ಲರಿಗೂ ಇರಲ್ಲ" ಅಂದರು. ಅವರ ಮುಖ ನೋಡಿದರೆ ಹೇಸಿಗೆಯಾಯಿತು.

ಸಂಜೆ ತಂಗಿ ಮನೆಗೆ ಹೋದೆ. ಗುಮ್ಮ ಮಗುವಿನ ಬಟ್ಟೆ ಮಡಚುತ್ತಿದ್ದ. ತಂಗಿ ಮಗುವನ್ನು ನನ್ನ ಮಡಿಲಿಗೆ ಹಾಕಿದಳು.

"ಅಕ್ಕಾ, ಆ ಏರ್‌ಲೈನ್‌ನೋರ ಮೇಲೆ ಒಂದು ಕಂಪ್ಲೇಂಟ್ ಹಾಕೇ. ಎಷ್ಟು ಹೆದರಿದ್ದೆ ಗೊತ್ತಾ? ಸೈನ್ ಮಾಡುವಾಗ ಪೆನ್ನೇ ನಿಲ್ತಿರ್ಲಿಲ್ಲ. ಅಂಥೋರಿಗೆಲ್ಲಾ ಮನೆ, ಮಕ್ಕಳು ಏನೂ ಇರಲ್ವಾ?"

ಗುಮ್ಮನ ಕೈ ನಿಂತಿತು. ತಲೆ ಎತ್ತಲಿಲ್ಲ. "ಅಕ್ಕ ಆಗ್ಲೇ ಹಾಕಿದಾರೆ ಬಿಡು" ಅಂದ.

"ಹೌದಾ ಅಕ್ಕಾ?"

"ಹೂಂ ಕಣೇ" ಅಂದೆ. "ಹಾಕಿದೀನಿ."

ಅವಳು ನನ್ನ ತೋಳಿಗೆ ತಲೆ ಆನಿಸಿದಳು. ಚಿಕ್ಕಂದಿನ ಅಭ್ಯಾಸ.

ಥೂ ನನ್ನ ಜನ್ಮಕ್ಕೆ. ಹೇಳಿಬಿಡಬೇಕು. ನಾಳೆಯೇ ಹೋಗಿ ಹೇಳಬೇಕು. ಆ ಫ್ಲೈಟು ಹೊತ್ತಿಗೆ ಸರಿಯಾಗಿ ಹೊರಟಿತು ಕಣೇ, ಹೊತ್ತಿಗೆ ಸರಿಯಾಗಿ ಇಳಿಯಿತು, ನಿನ್ನ ಗಂಡ ಅದರಲ್ಲಿ ಇರಲಿಲ್ಲ, ಯಾಕೆಂದರೆ ನಾನು