ನಿನ್ನ ಬಂದೂಕಿನ ಹಿತ್ತಾಳೆ

ಡ್ವೇನ್,

ಬಿಟರ್‌ರೂಟ್ ಬೆಟ್ಟಕ್ಕೆ ಹಿಮ ಇಳಿದಿದೆ, ಬೇಟೆಯ ಕಾಲ ಬಂತು. ಇವತ್ತು ಗ್ಯಾರೇಜಿನ ದೀಪ ಆರಿಸಿ, ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳ ಕತ್ತು ಕಾಯಿಸುತ್ತಾ ಕೂತೆ. ಕತ್ತಲಲ್ಲಿ ಮಾತ್ರ ಕಾದ ಹಿತ್ತಾಳೆಯ ಮಂದ ಕೆಂಪು ಕಣ್ಣಿಗೆ ಬೀಳುತ್ತದೆ, ಬಿದ್ದ ಕೂಡಲೇ ನೀರಿಗೆ ಹಾಕಬೇಕು ಎಂದು ಕಲಿಸಿದವನು ನೀನೇ.

ಇವು ನೀನು ಬಿಟ್ಟುಹೋದವು. ಆ ಎಲ್ಕ್ ಜಿಂಕೆ ಬಿದ್ದದ್ದು ಯಾರ ಗುಂಡಿಗೆ ಎಂಬ ಜಗಳದಲ್ಲಿ ಎದ್ದುಹೋದವನು ನೀನು, ಮತ್ತೆ ಬರಲಿಲ್ಲ. ನಿನ್ನ ಬಂದೂಕಿನಲ್ಲಿ ಹಾರಿ ಅದರ ಅಳತೆಗೇ ಹಿಗ್ಗಿದವು ನನ್ನದರಲ್ಲಿ ಕೂರುವುದಿಲ್ಲ.

ನನ್ನವಳು ಬಾಗಿಲಲ್ಲಿ ನಿಂತು ಕೇಳಿದಳು: “ನಿನ್ ಬಂದೂಕಿಗೆ ಆಗದೇ ಇರೋದನ್ನ ಯಾಕೆ ಕಾಯಿಸ್ತಾ ಕೂತಿದ್ದೀಯ? ಅವನು ಬರ್ತಾನೆ ಅಂತಾನಾ?”

“ಕಾಯಿಸಿದ್ರೆ ಹಿತ್ತಾಳೆ ಮೆತ್ತಗಾಗುತ್ತೆ, ಇನ್ಮೇಲೆ ಕತ್ತು ಬಿರಿಯಲ್ಲ ಕಣೇ,” ಎಂದೆ. “ಇನ್ನೂ ಐದಾರು ಸಲ ಮದ್ದು ತುಂಬಬಹುದು.”